ಎಲ್ಲಾ ಒಂದೇ ಥರ

“ಏನಮ್ಮಾ ಇದು, ಎಲ್ಲಾ ಒಂದೇ ಥರ ಇದೆ. ಬೇರೆ ಏನಾದ್ರೂ ಹಾಕು” ಎಂದು ಮಗಳು ಗೊಣಗಿದಾಗ ನಾನು ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಕೇಳುತ್ತಿದ್ದದ್ದು ‘ದಿ ವೆಂಚರ್ಸ್’ ಎಂಬ ಅಮೆರಿಕದ ರಾಕ್ ತಂಡ. ಹಾಡುವವರಿಲ್ಲ, ಮೂರು ಗಿಟಾರು, ಡ್ರಮ್ಸು, ಅಷ್ಟೆ. ನಾನು ಬಿ.ಎಡ್. ಓದುವಾಗ ತಮ್ಮ ತಂದುಕೊಟ್ಟ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು ಇದು. ಮೊದಲ ದಿನ ನಾನೂ ಮಗಳ ಮಾತನ್ನೇ ಆಡಿದ್ದೆ. ಸಾಹಿತ್ಯವಿಲ್ಲದ ಸಂಗೀತ ಉಪ್ಪಿಲ್ಲದ ಅಡುಗೆ ಎಂದು ನಂಬಿದ್ದ ಕಾಲ ಅದು.

ಡಾನ್ ವಿಲ್ಸನ್, ಬಾಬ್ ಬೋಗಲ್ ಇಬ್ಬರೂ ಗಾರೆ ಕೆಲಸದವರು. 1958ರಲ್ಲಿ, ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ, ಗಿರವಿ ಅಂಗಡಿಯ ಅಗ್ಗದ ಗಿಟಾರು ಹಿಡಿದು ತಾವೇ ಕಲಿತರು. ರೆಕಾರ್ಡು ಕಂಪನಿ ಬೇಡವೆಂದಾಗ ವಿಲ್ಸನ್ನನ ತಾಯಿ ಜೋಸಿ ತಾನೇ ‘ಬ್ಲೂ ಹೊರೈಜನ್’ ಎಂಬ ಕಂಪನಿ ತೆರೆದು ಮಕ್ಕಳ ರೆಕಾರ್ಡು ಹೊರತಂದಳು. (ನಮ್ಮ ಕಡೆಯಾಗಿದ್ದರೆ ಜೋಸಮ್ಮನ ಹೆಸರು ಮನೆಮಾತಾಗಿರುತ್ತಿತ್ತು.) ಹಾಗೆ ಬಂದ ‘ವಾಕ್, ಡೋಂಟ್ ರನ್’ 1960ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ರಾಗ ಅವರದಲ್ಲ, ಜಾನಿ ಸ್ಮಿತ್ ಎಂಬ ಜಾಝ್ ವಾದಕನದು. ಆದರೆ ಅದನ್ನು ಎಲ್ಲರ ಬಾಯಲ್ಲಿ ಗುನುಗುವಂತೆ ಮಾಡಿದವರು ಇವರು.

ಆ ‘ಒಂದೇ ಥರ’ ಎಲ್ಲಿಂದ ಬರುತ್ತದೆಂದು ನಾನು ಬಹಳ ದಿನ ಕಿವಿಗೊಟ್ಟು ಹುಡುಕಿದ್ದೇನೆ. ಮೆರೆಯುವ ಗಿಟಾರಿನಲ್ಲಲ್ಲ, ಅದರ ಹಿಂದೆ ವಿಲ್ಸನ್ ಒಂದೇ ಸಮನೆ ತಂತಿಗಳನ್ನು ಮೀಟುವ ಆ ಗಟ್ಟಿಯಾದ ಜಗ್ಗು-ಜಗ್ಗಿನಲ್ಲಿ. ತಂಬೂರಿಯಂತೆ ಅದನ್ನು ಯಾರೂ ಹೊಗಳುವುದಿಲ್ಲ. ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಬೋಗಲ್ ಇನ್ನೂ ದೊಡ್ಡವನು. ಬೇಸ್ ನುಡಿಸುತ್ತಿದ್ದ ನೋಕಿ ಎಡ್ವರ್ಡ್ಸ್ ತನಗಿಂತ ಚೆನ್ನಾಗಿ ನುಡಿಸುತ್ತಾನೆಂದು ಕಂಡಾಗ ಮುಂದಿನ ಜಾಗವನ್ನು ಅವನಿಗೆ ಬಿಟ್ಟು, ತಾನು ಬೇಸ್ ಹಿಡಿದು ಹಿಂದೆ ನಿಂತ. ಡ್ರಮ್ಸಿನ ಮೆಲ್ ಟೇಲರ್ 1996ರಲ್ಲಿ ತೀರಿಕೊಂಡ ಮೇಲೆ ಮಗ ಲಿಯಾನ್ ಆ ಜಾಗಕ್ಕೆ ಬಂದು ಕುಳಿತ. ನುಡಿ ಬದಲಾಗಲಿಲ್ಲ.

ಇವರು ಮಾಡಿದ್ದೆಲ್ಲಾ ಚಿನ್ನವೆನ್ನಲಾರೆ. ಆ ಕಾಲಕ್ಕೆ ಯಾವ ಹಾಡು ಓಡುತ್ತಿತ್ತೋ ಅದನ್ನೆಲ್ಲಾ ನುಡಿಸಿ ರೆಕಾರ್ಡು ತುಂಬಿದ್ದಾರೆ. ಹಲವು ಬರೀ ಹೊಟ್ಟೆಪಾಡು. ಆದರೆ 1965ರ ಕ್ರಿಸ್‌ಮಸ್ ರೆಕಾರ್ಡಿನಲ್ಲಿ ‘ಸ್ಲೇ ರೈಡ್’ ಎಂಬ ಹಬ್ಬದ ಹಾಡನ್ನು ತಮ್ಮ ‘ವಾಕ್, ಡೋಂಟ್ ರನ್’ನಿಂದಲೇ ಶುರುಮಾಡುವ ತುಂಟತನ ಕೇಳಿದರೆ ಅದೆಲ್ಲ ಮರೆತುಹೋಗುತ್ತದೆ.

ಒಂದು ಸಲ ಸ್ಟಾಫ್ ರೂಮಿನ ಬಾಗಿಲಲ್ಲಿ ನನ್ನ ಕಿವಿಗೆ ಬಿತ್ತು: “ಮೇಡಂದು ಇಪ್ಪತ್ತೈದು ವರ್ಷದಿಂದ ಅದೇ ಪಾಠ, ಅದೇ ಧಾಟಿ.” ಹೇಳಿದವಳು ಹೊಸದಾಗಿ ಬಂದ ಹುಡುಗಿ, ಕೆಟ್ಟವಳಲ್ಲ. ಆದರೂ ಆ ದಿನ ಊಟ ಸೇರಲಿಲ್ಲ. ರಾತ್ರಿ ಇದೇ ವಾದನ ಹಾಕಿಕೊಂಡು ಕುಳಿತೆ. ವಿಲ್ಸನ್ ಅರ್ಧ ಶತಮಾನಕ್ಕೂ ಮೀರಿ ಅದೇ ತಂತಿ ಮೀಟಿ 2022ರಲ್ಲಿ ತೀರಿಕೊಂಡ. ಅವನಿಗೂ ಯಾರಾದರೂ ಹೀಗೆ ಅಂದಿರಬಹುದೇ?

ಮಗಳಿಗೆ ಇದನ್ನೆಲ್ಲಾ ಹೇಳಲಿಲ್ಲ. 1964ರಲ್ಲಿ ಅವರೇ ‘ವಾಕ್, ಡೋಂಟ್ ರನ್’ ಅನ್ನು ಮತ್ತೆ ನುಡಿಸಿದ್ದರು. ಅದೂ 8ನೆಯ ಸ್ಥಾನಕ್ಕೆ ಬಂದಿತ್ತು. ಎರಡನ್ನೂ ಒಂದರ ಹಿಂದೊಂದು ಹಾಕಿ ಸುಮ್ಮನೆ ಸೊಪ್ಪು ಬಿಡಿಸಿದೆ. ಎರಡನೆಯದು ಮುಗಿಯುವ ಹೊತ್ತಿಗೆ ಅವಳ ಕೈಯ ಮೊಬೈಲು ಕೆಳಗಿತ್ತು.

“ಇದು ಅದೇ ಅಲ್ವಾ ಅಮ್ಮಾ? ಆದ್ರೆ ಶುರು ಬೇರೆ ಇದೆ. ಮೊದಲನೇದು ಇನ್ನೊಂದ್ಸಲ ಹಾಕು.”