ನರೆದಲೆಗ ಮತ್ತು ನನ್ನ ಎಲೆ

ಸೀಲಿಯಾಕ್ ಕಾಯಿಲೆ, ಗ್ಲುಟೆನ್ ಆಗದು ಎಂದು ಗೊತ್ತಾದ ಮೇಲೆ ಗೋಧಿ, ರವೆ, ಮೈದಾ ಬಿಟ್ಟೆ. ಅಂಗಡಿಯ ಇಂಗಿಗೂ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಹೊರಗಿನ ಸಾರೂ ಹೋಯಿತು. ಆಗಲೇ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಮತ್ತೆ ಓದಿದ್ದು.

ತರಗತಿಯಲ್ಲಿ ಅದನ್ನು ಮೇಲು-ಕೀಳಿನ ಜಗಳವೆಂದು ಓದಿದ್ದೆವು: ವ್ರೀಹಿ, ಅಂದರೆ ಭತ್ತ, ಉಳ್ಳವರದು; ನರೆದಲೆಗ, ಅಂದರೆ ರಾಗಿ, ಬಡವರದು. ಆ ಓದು ಸರಿಯೇ. ಆದರೆ ಈಗ ನನಗೆ ಎರಡೂ ಒಗ್ಗುತ್ತವೆ, ಯಾರು ಗೆದ್ದರೂ ನಷ್ಟವಿಲ್ಲ. ಹಾಗಾಗಿ ಈ ಸಲ ಕಣ್ಣು ಹೋದದ್ದು ತೀರ್ಪಿನ ಕಡೆಗೆ. ಬರಗಾಲದಲ್ಲಿ ಜನರನ್ನು ಕಾಯುವವನು ತಾನು ಎಂಬುದು ರಾಗಿಯ ದೊಡ್ಡ ವಾದ. ತೀರ್ಪು ನಿಲ್ಲುವುದು ಅದರ ಮೇಲಲ್ಲ, ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದದ್ದರ ಮೇಲೆ. ಕಾಳಿನ ತಾಳಿಕೆ ಅಳೆದರು, ಉಂಡವರ ಹೊಟ್ಟೆಯನ್ನು ಕೇಳಲಿಲ್ಲ. ನನಗೆ ಇದು ಕಾವ್ಯದ ಕೊರತೆಯಾಗಿಯೇ ಕಾಣುತ್ತದೆ.

ಆದರೆ ವ್ರೀಹಿಯ ಜಂಬ ಮಾತ್ರ ಎಷ್ಟು ನಿಜ! ಶುಭಕಾರ್ಯಕ್ಕೆ ತಾನೇ ಬೇಕು ಎಂದು ಅದು ಬೀಗುತ್ತದಲ್ಲ, ಮೊನ್ನೆ ಮದುವೆಮನೆಯಲ್ಲಿ ಅದೇ ದನಿ ಕೇಳಿದೆ. “ಒಂದು ಹೋಳಿಗೆ ತಿಂದ್ರೆ ಏನೂ ಆಗಲ್ಲ, ಹಾಕಿಸ್ಕೊಳ್ಳೇ,” ಎಂದರು ಚಿಕ್ಕಮ್ಮ. ಬೇಡ ಅಂದದ್ದಕ್ಕೆ ಅವರು ಊಟ ಮುಗಿಯುವವರೆಗೂ ಮಾತಾಡಲಿಲ್ಲ. ನಾನು ಡಬ್ಬಿ ತೆರೆದು ಮುದ್ದೆ ಮುರಿದೆ.