ಗದ್ದದ ಅಡಿ ನೋಡಿ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆಯ ಆಸುಪಾಸು ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಹೋದರೆ ಬೇಲೂರಿನ ಕಾಫಿ ತೋಟ, ಮೂಡಣಕ್ಕೆ ಹೋದರೆ ಅರಸೀಕೆರೆಯ ತೆಂಗು. ನಡುವಿನ ಈ ಬಯಲಿನಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಬದುವಿನ ಮೇಲೆ, ಬೀಳು ಹೊಲದಲ್ಲಿ, ರಸ್ತೆಯ ಅಂಚಿನಲ್ಲಿ ಪಾರ್ಥೇನಿಯಂ ಎದ್ದು ನಿಲ್ಲುತ್ತದೆ. ಜನ ಇದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಚರ್ಮದ ಕಾಯಿಲೆಗಳನ್ನು ಗುರುತಿಸುವ ವಿದ್ಯೆ ಕಲಿಯಬೇಕೆನ್ನುವವರಿಗೆ ಈ ಗಿಡ ತರುವ ಇಸುಬಿಗಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ನಲವತ್ತು ದಾಟಿದ ರೈತ. ಮುಖ, ಕತ್ತು, ಮುಂಗೈ ಕೆಂಪಾಗಿ, ಕಪ್ಪಾಗಿ, ಒರಟಾಗಿವೆ. ರಾತ್ರಿ ನಿದ್ದೆಗೆಡಿಸುವ ತುರಿಕೆ. ಅಂಗಿ ಮುಚ್ಚಿದ ಮೈ ಚೆನ್ನಾಗಿದೆ. ಮನೆಯವರು ‘ಬಿಸಿಲಿಗೆ ಆಗಿದೆ’ ಎನ್ನುತ್ತಾರೆ, ನೆರೆಯವರು ‘ಉಷ್ಣ’ ಎನ್ನುತ್ತಾರೆ. ಬಟ್ಟೆಯಿಲ್ಲದ ಕಡೆಯಷ್ಟೇ ಬಂದಿರುವುದರಿಂದ ಬಿಸಿಲಿನ ಮೇಲೆ ಅನುಮಾನ ಬರುವುದು ಸಹಜ. ಆಗ ಆತನ ಗದ್ದ ಮೇಲೆತ್ತಿಸಿ ಅಡಿಭಾಗ ನೋಡಬೇಕು. ಕಣ್ಣು ಮುಚ್ಚಿಸಿ ಮೇಲುರೆಪ್ಪೆ ನೋಡಬೇಕು. ಕಿವಿಯನ್ನು ಮುಂದಕ್ಕೆ ಬಾಗಿಸಿ ಹಿಂದಿನ ಮೂಲೆ ನೋಡಬೇಕು. ಬಿಸಿಲಿನಿಂದಲೇ ಬಂದ ಕಾಯಿಲೆಯಾದರೆ ಈ ಮೂರು ಜಾಗಗಳು ಬಹುಮಟ್ಟಿಗೆ ಉಳಿದುಕೊಂಡಿರುತ್ತವೆ. ಗಾಳಿಯಲ್ಲಿ ತೇಲಿಬರುವ ಗಿಡದ ಪುಡಿ ಮಾತ್ರ ರೆಪ್ಪೆಯ ಮೇಲೂ ಕತ್ತಿನ ಮಡಿಕೆಯಲ್ಲೂ ಮೊಣಕೈ ಒಳಮಡಿಕೆಯಲ್ಲೂ ಬೆವರಿನ ಜೊತೆ ಕೂತು ಕೆಲಸ ಮಾಡುತ್ತದೆ. ಯಾವ ಯಂತ್ರವೂ ಬೇಡದ ಈ ನೋಟವೇ ಎಷ್ಟೋ ಸಲ ರೋಗದ ಹೆಸರು ಹೇಳಿಬಿಡುತ್ತದೆ.

ನಂತರ ಕೇಳಬೇಕಾದ್ದು ತಿಂಗಳಿನ ಲೆಕ್ಕ. ಗಿಡ ಹೂಬಿಡುವ ಮಳೆಗಾಲದಲ್ಲಿ ಹೆಚ್ಚಾಗುತ್ತದೆಯೇ? ಬೇರೆ ಊರಿಗೆ ಹೋಗಿ ಕೆಲವು ವಾರ ಇದ್ದಾಗ ಇಳಿಯುತ್ತದೆಯೇ? ಹೌದು ಎಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ ಈ ಲೆಕ್ಕವೂ ಕೆಡುತ್ತದೆ. ಚರ್ಮ ಕ್ರಮೇಣ ಬೆಳಕನ್ನೇ ಸಹಿಸದಂತಾಗಿ, ಗಿಡ ಒಣಗಿದ ಬೇಸಿಗೆಯಲ್ಲೂ ಉರಿಯುತ್ತದೆ. ಮುಖ ದಪ್ಪಗಟ್ಟಿ ಹಣೆಯಲ್ಲಿ ಗೆರೆ ಬೀಳುತ್ತದೆ. ಆ ಮುಖ ನೋಡಿ ಊರವರು ಕುಷ್ಠವೆಂದು ದೂರ ಸರಿಯುವುದುಂಟು. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ, ಏಕೆಂದರೆ ಈ ಇಸುಬು ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ.

ಈ ಗಿಡ ನಮ್ಮದಲ್ಲ, ಅಮೆರಿಕ ಖಂಡದ್ದು. 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. 1984ರಲ್ಲಿ ಮೆಕ್ಸಿಕೋದ ಎಲೆ ತಿನ್ನುವ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ಇಂದಿಗೂ ಮಳೆಗಾಲದಲ್ಲಿ ಎಲೆ ಮೇಯುತ್ತದೆ, ಗಿಡವೂ ಇದೆ. ಎಲೆ, ಕಾಂಡದ ಮೇಲಿನ ನವಿರು ರೋಮಗಳಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವೇ ಅಲರ್ಜಿಯ ಮೂಲ. ಅದು ಎಲ್ಲರಿಗೂ ಒಗ್ಗದ್ದಲ್ಲ. ಒಂದೇ ಹೊಲದಲ್ಲಿ ಕಳೆ ಕಿತ್ತ ಗಂಡ ಹೆಂಡತಿಯಲ್ಲಿ ಒಬ್ಬರಿಗಷ್ಟೇ ಬರಬಹುದು. ವರ್ಷಗಟ್ಟಲೆ ಸುಮ್ಮನಿದ್ದ ಮೈ ಒಂದು ದಿನ ಅದನ್ನು ವೈರಿಯೆಂದು ಗುರುತು ಹಿಡಿದರೆ ಮತ್ತೆ ಮರೆಯುವುದು ಅಪರೂಪ. ಸೇವಂತಿಗೆಯೂ ಅದೇ ಕುಟುಂಬದ ಗಿಡ. ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆ ಬಿಡಿಸುವುದು, ಕಟ್ಟುವುದು, ಮುಡಿಯುವುದು ಕೂಡ ತೊಂದರೆ ಕೊಡುತ್ತದೆ. ಹೂವಿನ ಕೆಲಸ ಮಾಡುವ ಹೆಂಗಸರ ಬೆರಳ ತುದಿ ಒಡೆದಿದ್ದರೆ ಸೇವಂತಿಗೆಯ ಬಗ್ಗೆ ಕೇಳದೆ ಬಿಡಬಾರದು.

ಖಾತ್ರಿಗೆ ಪ್ಯಾಚ್ ಟೆಸ್ಟ್ ಇದೆ. ಅನುಮಾನವಿರುವ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ಕಿತ್ತು ನೋಡಿ, ಮತ್ತೆ ಒಂದೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಬೆನ್ನಿಗೆ ನೀರು ತಾಗಿಸದೆ ಇರುವ ತಾಳ್ಮೆಯಷ್ಟೇ ಬೇಕು.

ರೋಗ ಗುರುತಿಸುವವರ ದಾರಿ ತಪ್ಪಿಸುವುದು ಬಹಳ ಸಲ ಮೆಡಿಕಲ್ ಶಾಪಿನ ಟ್ಯೂಬು. ಹುಳುಕಡ್ಡಿ ಎಂದರೆ ಅಂಚು ಉಬ್ಬಿ ನಡುವೆ ತಿಳಿಯಾದ ಉಂಗುರ. ಹಾಗೇ ಬಂದರೆ ಯಾರಾದರೂ ಗುರುತಿಸಬಹುದು. ಅದಕ್ಕೆ ಕ್ಲೋಬೆಟಾಸೋಲ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಅಂಚು ಕರಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ತೊಡೆಯಿಂದ ಹೊಟ್ಟೆಗೆ ಹರಡುತ್ತದೆ. ಕೊನೆಗೆ ನೋಡುವವರಿಗೆ ಅದು ಇಸುಬೋ ಹುಳುಕಡ್ಡಿಯೋ ತಿಳಿಯದು. ಚರ್ಮ ಕೆರೆದು ತೆಗೆದ ಹೊಟ್ಟನ್ನು ಮೈಕ್ರೋಸ್ಕೋಪಿನಡಿ ಇಟ್ಟೇ ನೋಡಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಸಿಗುತ್ತಿದೆ.

ಇಷ್ಟೆಲ್ಲ ತುರಿಕೆಯ ಮಾತಾಯಿತು. ನನಗೆ ಹೆಚ್ಚು ಆತಂಕ ತುರಿಸದ ಮಚ್ಚೆಯದು. ಚಿಬ್ಬೂ ಬಿಳಿಚಿರುತ್ತದೆ, ಆದರೆ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ತೊನ್ನು ಸುಣ್ಣದಷ್ಟು ಬಿಳಿ, ಸ್ಪರ್ಶ ಪೂರ್ತಿ ಇರುತ್ತದೆ. ಮಾಸಲು ಬಿಳಿ ಅಥವಾ ಕೆಂಪು ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದಾಗ ಕಣ್ಣು ಮುಚ್ಚಿಕೊಂಡವರಿಗೆ ಅದು ಗೊತ್ತಾಗದಿದ್ದರೆ ಕುಷ್ಠವನ್ನು ಶಂಕಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. 6 ತಿಂಗಳಿಂದ ಒಂದು ವರ್ಷದ ಚಿಕಿತ್ಸೆಯಲ್ಲಿ ಗುಣವಾಗುತ್ತದೆ. ತಡ ಮಾಡಿದರೆ ಸೋತ ಬೆರಳು ಮರಳಿ ಬರುವುದು ಕಷ್ಟ.

ಪಾರ್ಥೇನಿಯಂ ಕೀಳುವವರು ಹೂಬಿಡುವ ಮುಂಚೆ, ನೆಲ ಹಸಿಯಿದ್ದಾಗ, ತುಂಬುತೋಳಿನ ಅಂಗಿ ತೊಟ್ಟು, ಕೈಗೆ ಗವಸು ಹಾಕಿಕೊಂಡು ಕೀಳಿ. ಈಗಾಗಲೇ ಅಲರ್ಜಿ ಇರುವವರು ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಚರ್ಮದ ಡಾಕ್ಟರನ್ನು ಕಾಣಲು ಹಾಸನಕ್ಕೆ ಹೊರಟ ದಿನ ಮುಖಕ್ಕೆ ಎಣ್ಣೆ, ಅರಿಶಿನ, ಪೌಡರ್ ಏನೂ ಹಚ್ಚಬೇಡಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ.