‘ಉತ್ತರ ಅಲ್ಲಿಯೇ ಇದೆ’: ಪ್ರೌಢಶಾಲೆಯ ಇಂಗ್ಲಿಷ್ ಓದಿನ ಅಭ್ಯಾಸ ಕುರಿತು ಒಂದು ವಿಮರ್ಶೆ

ಪ್ರೌಢಶಾಲೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಸುಲಭವೆಂದು ಹೆಸರಾದ ಪ್ರಶ್ನೆ ಒಂದಿದೆ. ಪಠ್ಯಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗವನ್ನು ಕೊಟ್ಟು, ಅದನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸುವಂತೆ ಕೇಳುವ ಪ್ರಶ್ನೆ ಅದು. ಪದ್ಯವನ್ನು ಬಾಯಿಪಾಠ ಮಾಡಬೇಕು, ಪತ್ರಲೇಖನದ ನಮೂನೆಯನ್ನು ನೆನಪಿಡಬೇಕು, ಪ್ರಬಂಧದ ಅಂಶಗಳನ್ನು ಜೋಡಿಸಿಕೊಳ್ಳಬೇಕು. ಗದ್ಯಭಾಗಕ್ಕೆ ಮಾತ್ರ ಯಾವ ಸಿದ್ಧತೆಯೂ ಬೇಡ, ಉತ್ತರ ಅಲ್ಲಿಯೇ ಇದೆ ಎಂಬ ಭರವಸೆಯನ್ನು ಶಿಕ್ಷಕರೂ ಕೊಡುತ್ತಾರೆ, ಗೈಡುಗಳೂ ಕೊಡುತ್ತವೆ. ಆ ಭರವಸೆ ಸುಳ್ಳಲ್ಲ. ಉತ್ತರವು ನಿಜಕ್ಕೂ ಅಲ್ಲಿಯೇ ಇರುತ್ತದೆ. ಓದಿದವನಿಗೂ ಓದದವನಿಗೂ ಅದು ಸಮಾನವಾಗಿ ಸಿಗುತ್ತದೆ ಎಂಬುದೇ ಪ್ರಸ್ತುತ ಲೇಖನದ ಚಿಂತೆ.

ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುತ್ತಿರುವ ಕರ್ನಾಟಕದ ವಿದ್ಯಾರ್ಥಿಯನ್ನು ನಾವು ಇಲ್ಲಿ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದೇವೆ. ನಮ್ಮ ವಾದ ಇಷ್ಟು. ಈಗ ರೂಢಿಯಲ್ಲಿರುವ ಅಭ್ಯಾಸವು ವಾಕ್ಯವನ್ನು ಹುಡುಕುವುದನ್ನು ಕಲಿಸುತ್ತದೆ. ಈ ವಿದ್ಯಾರ್ಥಿಯ ಓದು ವಾಕ್ಯದ ಯಾವ ಕೀಲುಗಳಲ್ಲಿ ಮುರಿಯುತ್ತದೆಯೋ ಅವುಗಳನ್ನು ಅದು ಮುಟ್ಟುವುದಿಲ್ಲ. ಅವುಗಳನ್ನು ಎತ್ತಿ ತೋರಿಸಬಲ್ಲ ಸಾಧನವಾದ ಕನ್ನಡವನ್ನೇ ಅದು ಅಭ್ಯಾಸದಿಂದ ಹೊರಗಿಡುತ್ತದೆ.

1. ಹುಡುಕುವ ಓದು

ಅರ್ಥವಿಲ್ಲದ ಒಂದು ಕನ್ನಡ ವಾಕ್ಯವನ್ನು ಕಲ್ಪಿಸಿಕೊಳ್ಳೋಣ: ‘ಲಬುಕರು ಜಿಂಪೆಯನ್ನು ಪಿಳಂಟಿಸಿದರು, ಏಕೆಂದರೆ ಅದು ಝೊರಪಾಗಿತ್ತು.’ ಲಬುಕರು ಜಿಂಪೆಯನ್ನು ಏಕೆ ಪಿಳಂಟಿಸಿದರು ಎಂದು ಕೇಳಿದರೆ, ಅದು ಝೊರಪಾಗಿದ್ದುದರಿಂದ ಎಂದು ಯಾರಾದರೂ ತಡಮಾಡದೆ ಹೇಳಬಲ್ಲರು. ಪಿಳಂಟಿಸಿದವರು ಯಾರು, ಏನನ್ನು ಪಿಳಂಟಿಸಿದರು ಎಂಬ ಪ್ರಶ್ನೆಗಳಿಗೂ ಪೂರ್ಣಾಂಕ ದೊರೆಯುತ್ತದೆ. ವಾಕ್ಯದಲ್ಲಿ ಅರ್ಥ ಮಾತ್ರ ಇಲ್ಲ. ಪ್ರಶ್ನೆಯ ಪದಗಳನ್ನು ಗದ್ಯಭಾಗದಲ್ಲಿ ಹುಡುಕಿ, ಸಿಕ್ಕ ವಾಕ್ಯದಲ್ಲಿ ಪ್ರಶ್ನೆಗೆ ಬಳಕೆಯಾಗದೆ ಉಳಿದ ಭಾಗವನ್ನು ಎತ್ತಿ ಬರೆದರೆ ಕೆಲಸ ಮುಗಿಯಿತು.

ಮಾದರಿ ಪ್ರಶ್ನೆಪತ್ರಿಕೆಗಳ ಗದ್ಯಭಾಗಗಳಿಗೆ ಕೊಡುವ ಪ್ರಶ್ನೆಗಳಲ್ಲಿ ಬಹುಪಾಲು ಇದೇ ಜಾತಿಯವು. ‘ಹೂ’, ‘ವೇರ್’, ‘ವೆನ್’, ‘ವೈ’ ಎಂಬ ಪದಗಳಿಂದ ಆರಂಭವಾಗಿ, ಗದ್ಯಭಾಗದ ಪದಗಳನ್ನೇ ಯಥಾವತ್ತಾಗಿ ಹೊತ್ತು ಬರುವ ಪ್ರಶ್ನೆಗಳಿಗೆ ಪದಗಳ ಆಕಾರವನ್ನು ಗುರುತಿಸುವ ಶಕ್ತಿಯಷ್ಟೇ ಸಾಕು. ಗೌ ಮತ್ತು ಟನ್‌ಮರ್ 1986ರಲ್ಲಿ ಮಂಡಿಸಿದ ಓದಿನ ಸರಳ ಮಾದರಿಯನ್ನು ಇಲ್ಲಿ ನೆನೆಯಬಹುದು. ಓದಿನ ಗ್ರಹಿಕೆಯು ಲಿಪಿಯನ್ನು ಬಿಡಿಸಿಕೊಳ್ಳುವ ಸಾಮರ್ಥ್ಯ ಮತ್ತು ಭಾಷೆಯನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇವೆರಡರ ಗುಣಲಬ್ಧ ಎಂದು ಆ ಮಾದರಿ ಹೇಳುತ್ತದೆ. ಗುಣಾಕಾರವಾದುದರಿಂದ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ನಮ್ಮ ಅಭ್ಯಾಸದಲ್ಲಿ ಎರಡನೆಯ ಅಂಶ ಸೊನ್ನೆಯಾಗಿದ್ದರೂ ಅಂಕ ಸೊನ್ನೆಯಾಗುವುದಿಲ್ಲ. ಅಂದಮೇಲೆ ಅಲ್ಲಿ ಅಳೆಯುತ್ತಿರುವ ವಸ್ತು ಓದು ಅಲ್ಲವೆಂದೇ ಹೇಳಬೇಕಾಗುತ್ತದೆ.

2. ವಾಕ್ಯದ ಕೀಲುಗಳು

ಹಾಗಾದರೆ ಓದು ಎಲ್ಲಿ ಮುರಿಯುತ್ತದೆ? ಕಠಿಣ ಪದಗಳಲ್ಲಿ ಎಂಬುದು ಸಾಮಾನ್ಯವಾದ ಉತ್ತರ. ಆ ಉತ್ತರದಲ್ಲಿ ಹುರುಳಿದೆ. ಅದರ ಚರ್ಚೆ ಮುಂದೆ ಬರುತ್ತದೆ. ಆದರೆ ಎಲ್ಲ ಪದಗಳೂ ಗೊತ್ತಿದ್ದಾಗಲೂ ವಾಕ್ಯವು ತಲೆಕೆಳಗಾಗುವ ಸಂದರ್ಭಗಳಿವೆ. ಎರಡು ಭಾಷೆಗಳ ರಚನೆಯನ್ನು ಎದುರುಬದುರು ಇಟ್ಟು ನೋಡಿದರೆ ಅಂಥ ಸ್ಥಳಗಳನ್ನು ಮುಂಚಿತವಾಗಿಯೇ ಗುರುತಿಸಬಹುದು. ಮೂರನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ಸಂಬಂಧಸೂಚಕ ಉಪವಾಕ್ಯ. ‘ದಿ ಫಾರ್ಮರ್ ಹೂ ಸೋಲ್ಡ್ ದಿ ಬುಲ್ ಟು ದಿ ಟ್ರೇಡರ್ ವೆಂಟ್ ಬ್ಯಾಕ್ ಟು ಹಿಸ್ ವಿಲೇಜ್’ ಎಂಬ ವಾಕ್ಯದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ತಿಳಿಯದ ಪದ ಬಹುಶಃ ಒಂದೂ ಇಲ್ಲ. ಹಳ್ಳಿಗೆ ಹಿಂದಿರುಗಿದವರು ಯಾರು ಎಂದು ಕೇಳಿದಾಗ, ‘ವೆಂಟ್’ ಎಂಬ ಕ್ರಿಯಾಪದದ ಪಕ್ಕದಲ್ಲಿಯೇ ನಿಂತಿರುವ ‘ಟ್ರೇಡರ್’ ಕಣ್ಣಿಗೆ ಬೀಳುತ್ತಾನೆ. ನಿಜವಾದ ಕರ್ತೃವಾದ ರೈತನು ವಾಕ್ಯದ ತಲೆಯಲ್ಲಿ ದೂರ ಉಳಿದಿದ್ದಾನೆ. ಕನ್ನಡದಲ್ಲಿ ಇದೇ ಸಂಗತಿ ‘ವ್ಯಾಪಾರಿಗೆ ಎತ್ತನ್ನು ಮಾರಿದ ರೈತನು ತನ್ನ ಹಳ್ಳಿಗೆ ಹಿಂದಿರುಗಿದನು’ ಎಂದಾಗುತ್ತದೆ. ಕನ್ನಡದಲ್ಲಿ ವಿಶೇಷಣವಾಗಿ ಬರುವ ಕೃದಂತವು ನಾಮಪದಕ್ಕಿಂತ ಮೊದಲು ನಿಲ್ಲುತ್ತದೆ. ಆದುದರಿಂದ ರೈತನು ತನ್ನ ಕ್ರಿಯಾಪದದ ಕಡೆಗೆ ಮುಖಮಾಡಿಕೊಂಡೇ ಇರುತ್ತಾನೆ. ವ್ಯಾಪಾರಿಯ ಪಾತ್ರವನ್ನು ಚತುರ್ಥೀ ವಿಭಕ್ತಿ ಖಚಿತಪಡಿಸಿದೆ. ಕನ್ನಡವು ಪ್ರತ್ಯಯದಿಂದ ಹೇಳುವುದನ್ನು ಇಂಗ್ಲಿಷ್ ಸ್ಥಾನದಿಂದ ಹೇಳುತ್ತದೆ. ಪ್ರತ್ಯಯವನ್ನು ನಂಬಿ ಓದಲು ಕಲಿತ ಕಣ್ಣು ಸ್ಥಾನವನ್ನು ನಂಬುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಎರಡನೆಯದು ಸರ್ವನಾಮ. ಕನ್ನಡದಲ್ಲಿ ‘ತನ್ನ’ ಮತ್ತು ‘ಅವನ’ ಎಂಬ ಎರಡು ರೂಪಗಳಿವೆ. ‘ರಾಮು ತನ್ನ ತಂದೆಗೆ ಕಾಯಿಲೆಯೆಂದು ಸೋಮುವಿಗೆ ಹೇಳಿದನು’ ಎಂದಾಗ ಕಾಯಿಲೆ ಯಾರ ತಂದೆಗೆ ಎಂಬ ಸಂದೇಹ ಏಳುವುದಿಲ್ಲ. ಇಂಗ್ಲಿಷಿನ ‘ಹಿಸ್ ಫಾದರ್’ ಇಬ್ಬರ ತಂದೆಗೂ ಸಲ್ಲುತ್ತದೆ. ಯಾರ ತಂದೆ ಎಂಬುದನ್ನು ಹಿಂದಿನ ಮುಂದಿನ ವಾಕ್ಯಗಳಿಂದ ಓದುಗನೇ ನಿರ್ಧರಿಸಬೇಕು. ಭಾಷೆಯೇ ತೀರ್ಮಾನಿಸಿ ಕೊಡುತ್ತಿದ್ದ ವಿಷಯವನ್ನು ಇಲ್ಲಿ ಓದುಗ ತೀರ್ಮಾನಿಸಬೇಕಾಗಿದೆ ಎಂಬ ಅರಿವನ್ನು ವಿದ್ಯಾರ್ಥಿಗೆ ಯಾರೂ ಮೂಡಿಸುವುದಿಲ್ಲ.

ಮೂರನೆಯದು ಅಡಗಿದ ನಿಷೇಧ. ಕನ್ನಡದ ನಿಷೇಧವು ಸಾಮಾನ್ಯವಾಗಿ ಕ್ರಿಯಾರೂಪದಲ್ಲಿ ಎದ್ದು ಕಾಣುತ್ತದೆ: ಬಾರದಿದ್ದರೆ, ಎತ್ತಲಾರದು, ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ‘ನಾಟ್’ ಎಂಬ ಪದವೇ ಇಲ್ಲದ ಕಡೆಯೂ ನಿಷೇಧವಿರಬಹುದು. ‘ದಿ ಬಾಕ್ಸ್ ವಾಸ್ ಟೂ ಹೆವಿ ಫಾರ್ ದಿ ಬಾಯ್ ಟು ಲಿಫ್ಟ್’ ಎಂದರೆ ಪೆಟ್ಟಿಗೆಯು ಹುಡುಗ ಎತ್ತಲಾರದಷ್ಟು ಭಾರವಾಗಿತ್ತು ಎಂದರ್ಥ. ‘ಟೂ’ ಎಂಬ ಸಣ್ಣ ಪದದೊಳಗಿನ ನಿಷೇಧವನ್ನು ಕಾಣದವನು, ಹುಡುಗ ಭಾರವಾದ ಪೆಟ್ಟಿಗೆಯನ್ನು ಎತ್ತಿದನೆಂದು ಓದಿಕೊಳ್ಳುತ್ತಾನೆ. ‘ಅನ್‌ಲೆಸ್’, ‘ಹಾರ್ಡ್‌ಲಿ’, ‘ಎ’ ಇಲ್ಲದ ‘ಫ್ಯೂ’ ಇವೆಲ್ಲ ಇದೇ ಬಗೆಯವು. ಇಂಥ ಪದಗಳು ಗದ್ಯಭಾಗದ ಕೊನೆಯ ‘ಕಠಿಣ ಪದಗಳ ಅರ್ಥ’ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಏಕೆಂದರೆ ಅವು ಕಠಿಣ ಪದಗಳಂತೆ ತೋರುವುದೇ ಇಲ್ಲ. ಆದರೆ ವಾಕ್ಯದ ಸತ್ಯಾಸತ್ಯವು ಅವುಗಳ ಮೇಲೆಯೇ ನಿಂತಿರುತ್ತದೆ.

ಈ ಮೂರೂ ಕಡೆ ಹುಡುಕುವ ಓದು ಕೈಕೊಡುತ್ತದೆ. ಪ್ರಶ್ನೆಗಳು ಆ ಸ್ಥಳಗಳನ್ನು ಮುಟ್ಟದಿರುವುದರಿಂದ ಕೈಕೊಟ್ಟದ್ದು ಯಾರಿಗೂ ತಿಳಿಯುವುದಿಲ್ಲ.

3. ಪದಗಳ ಲೆಕ್ಕ

ಪದಸಂಪತ್ತಿನ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ನೆರವಿಲ್ಲದೆ ಓದಿ ಅರ್ಥಮಾಡಿಕೊಳ್ಳಲು ಪಠ್ಯದ ಸುಮಾರು ಶೇ. 98ರಷ್ಟು ಪದಗಳು ಓದುಗನಿಗೆ ತಿಳಿದಿರಬೇಕು ಎಂದು ಹೂ ಮತ್ತು ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಸೂಚಿಸುತ್ತದೆ. 150 ಪದಗಳ ಗದ್ಯಭಾಗದಲ್ಲಿ ಇದರ ಅರ್ಥ, ತಿಳಿಯದ ಪದಗಳು ಮೂರನ್ನು ಮೀರಬಾರದು ಎಂದು. ಹತ್ತಕ್ಕೆ ಒಂದು ಪದ ತಿಳಿಯದಿದ್ದರೆ ಹದಿನೈದು ಕಡೆ ಕತ್ತಲೆ. ಪತ್ರಿಕೆಗಳಿಂದಲೋ ವಿಶ್ವಕೋಶಗಳಿಂದಲೋ ಎತ್ತಿಕೊಂಡ ಗದ್ಯಭಾಗದ ಮುಂದೆ ಕುಳಿತ ವಿದ್ಯಾರ್ಥಿಗೆ ಅಷ್ಟು ಕತ್ತಲೆಯಲ್ಲಿ ಓದುವ ದಾರಿಯೇ ಮುಚ್ಚಿರುತ್ತದೆ. ಹುಡುಕುವುದೊಂದೇ ಅವನಿಗೆ ಉಳಿದ ದಾರಿ. ಆದುದರಿಂದ ಈ ತಂತ್ರವನ್ನು ವಿದ್ಯಾರ್ಥಿಯ ಸೋಮಾರಿತನವೆಂದು ನಾವು ಭಾವಿಸುವುದಿಲ್ಲ. ಅಳತೆಗೆ ಮೀರಿದ ಪಠ್ಯಕ್ಕೆ ಅವನು ಕಂಡುಕೊಂಡ ವಿವೇಕದ ಪ್ರತಿಕ್ರಿಯೆ ಅದು.

4. ಢಾಕಾ ಮತ್ತು ಬೆಂಗಳೂರು

ಈ ಸಮಸ್ಯೆ ಹೊಸದಲ್ಲ. ಅದನ್ನು ಎದುರಿಸಿದ ಪ್ರಯತ್ನಗಳೂ ನಮ್ಮ ಉಪಖಂಡದಲ್ಲಿಯೇ ನಡೆದಿವೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್, ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ತನ್ನ ವರದಿಯನ್ನು 1926ರಲ್ಲಿ ಪ್ರಕಟಿಸಿದನು. ಬಂಗಾಳಿ ವಿದ್ಯಾರ್ಥಿಗೆ ಇಂಗ್ಲಿಷಿನಿಂದ ಮುಖ್ಯವಾಗಿ ಬೇಕಾದುದು ಓದುವ ಶಕ್ತಿ ಎಂಬುದು ಅವನ ನಿಲುವು. ಅದಕ್ಕಾಗಿ ಅವನು ರಚಿಸಿದ ವಾಚಕಮಾಲೆಯಲ್ಲಿ ಹೊಸ ಪದಗಳು ವಿರಳವಾಗಿ, ಅಂತರವಿಟ್ಟು ಬರುತ್ತಿದ್ದವು. ಬಂದ ಪದ ಮತ್ತೆ ಮತ್ತೆ ಮರಳುತ್ತಿತ್ತು. ಪಠ್ಯವನ್ನು ಓದುಗನ ಅಳತೆಗೆ ತರಬೇಕೆಂಬ ಆ ವಿವೇಕವು ಇಂದಿನ ಗದ್ಯಭಾಗಗಳ ಆಯ್ಕೆಯಲ್ಲಿ ಕಾಣುವುದಿಲ್ಲ.

ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾದ ಪ್ರಯೋಗ ಇನ್ನೊಂದು ನಿದರ್ಶನ. ಅಲ್ಲಿ ವಿದ್ಯಾರ್ಥಿಗಳು ರೈಲಿನ ವೇಳಾಪಟ್ಟಿ, ನಕಾಶೆ ಮೊದಲಾದವುಗಳನ್ನು ಓದಿ, ಅವುಗಳ ಆಧಾರದಿಂದ ತರ್ಕಿಸಿ ಒಂದು ನಿರ್ಧಾರಕ್ಕೆ ಬರಬೇಕಾಗಿತ್ತು. ಕೊಟ್ಟ ಮಾಹಿತಿಯಲ್ಲಿ ಉತ್ತರ ನೇರವಾಗಿ ಸಿಗುತ್ತಿರಲಿಲ್ಲ. ಮಾಹಿತಿಯಿಂದ ಅದನ್ನು ಕಟ್ಟಿಕೊಳ್ಳಬೇಕಿತ್ತು. ಯೋಜನೆಯ ಫಲಿತಾಂಶಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅರ್ಥಮಾಡಿಕೊಳ್ಳದವನಿಗೆ ಉತ್ತರಿಸಲು ಸಾಧ್ಯವಾಗಬಾರದು ಎಂಬ ಅದರ ತತ್ತ್ವಕ್ಕೆ ಆ ಭಿನ್ನಾಭಿಪ್ರಾಯಗಳಿಂದ ಕುಂದಿಲ್ಲ. ಬೆಂಗಳೂರಿನ ಹೆಸರನ್ನು ಜಗತ್ತಿನ ಭಾಷಾಬೋಧನೆಯ ಗ್ರಂಥಗಳಲ್ಲಿ ಸೇರಿಸಿದ ಈ ತತ್ತ್ವವು ಕರ್ನಾಟಕದ ಗದ್ಯಭಾಗದ ಪ್ರಶ್ನೆಗಳಲ್ಲಿ ನೆಲೆಗೊಳ್ಳದಿರುವುದು ವಿಷಾದದ ಸಂಗತಿ.

5. ಕನ್ನಡದಲ್ಲಿ ಉತ್ತರ

ಮೇಲಿನ ರೈತನ ವಾಕ್ಯಕ್ಕೆ ಮರಳೋಣ. ‘ರೈತನು ಎತ್ತನ್ನು ಯಾರಿಗೆ ಮಾರಿದನು?’ ಎಂಬುದು ಹುಡುಕುವ ಪ್ರಶ್ನೆ. ‘ರೈತನು ಹಳ್ಳಿ ತಲುಪಿದಾಗ ಎತ್ತು ಯಾರ ವಶದಲ್ಲಿತ್ತು?’ ಎಂಬುದು ಓದಿನ ಪ್ರಶ್ನೆ. ಮಾರಿದವನೇ ಹಿಂದಿರುಗಿದವನು, ಮಾರಿದ ಎತ್ತು ಮಾರಿದವನ ಬಳಿ ಇರದು ಎಂಬ ಎರಡು ಹೆಜ್ಜೆಗಳನ್ನು ಇಡದೆ ಇದಕ್ಕೆ ಉತ್ತರಿಸಲಾಗದು. ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲಿಯೇ ಬರೆಯಲು ಬಿಡಬೇಕೆಂಬುದು ನಮ್ಮ ಸಲಹೆ. ಹೀಗೆ ಮಾಡಿದರೆ ಗದ್ಯಭಾಗದ ಪದಗಳನ್ನು ನಕಲು ಮಾಡುವ ದಾರಿ ತಾನಾಗಿಯೇ ಮುಚ್ಚುತ್ತದೆ. ಅರ್ಥಮಾಡಿಕೊಂಡೂ ಇಂಗ್ಲಿಷಿನಲ್ಲಿ ಬರೆಯಲಾರದ ವಿದ್ಯಾರ್ಥಿಗೆ ನ್ಯಾಯವೂ ದೊರೆಯುತ್ತದೆ. ಬರವಣಿಗೆಯನ್ನು ಅಳೆಯಲು ಪತ್ರ, ಪ್ರಬಂಧಗಳು ಅದೇ ಪತ್ರಿಕೆಯಲ್ಲಿವೆ. ಓದಿನ ಪ್ರಶ್ನೆಯೂ ಅದನ್ನೇ ಅಳೆಯಬೇಕಾಗಿಲ್ಲ.

ಇದಕ್ಕೆ ಬರಬಹುದಾದ ಮೂರು ಆಕ್ಷೇಪಗಳನ್ನು ಎದುರಿಸಬೇಕು. ಇದು ಹಳೆಯ ಭಾಷಾಂತರ ಪದ್ಧತಿಗೆ ಹಿಂದಿರುಗಿದಂತೆ ಎಂಬುದು ಮೊದಲನೆಯದು. ಪದಕ್ಕೆ ಪದವಿಟ್ಟು ಭಾಷಾಂತರಿಸುವಾಗ ವಾಕ್ಯದ ಕೀಲುಗಳು ಮತ್ತೆ ಮರೆಯಾಗುತ್ತವೆ. ನಾವು ಕೇಳುತ್ತಿರುವುದು ವಾಕ್ಯದಿಂದ ಹೊರಡುವ ತೀರ್ಮಾನವನ್ನು. ಆದುದರಿಂದ ಈ ಆಕ್ಷೇಪ ಇಲ್ಲಿ ಸಲ್ಲದು.

ಎರಡನೆಯದು ಹೆಚ್ಚು ಗಂಭೀರವಾದುದು. ಕರ್ನಾಟಕದ ತರಗತಿಗಳಲ್ಲಿ ಉರ್ದು, ತೆಲುಗು, ಮರಾಠಿ, ತಮಿಳು, ತುಳು, ಕೊಂಕಣಿ ಮನೆಮಾತಿನ ಮಕ್ಕಳಿದ್ದಾರೆ. ಎಲ್ಲರಿಗೂ ಕನ್ನಡವೇ ಆಸರೆಯೆನ್ನಲಾಗದು. ಇಲ್ಲಿ ನಾವು ಹೇಳುತ್ತಿರುವುದು ಮಗು ಇತರ ವಿಷಯಗಳನ್ನು ಓದಿ ತಿಳಿಯುವ ಮಾಧ್ಯಮದ ಭಾಷೆಯನ್ನು. ಉರ್ದು ಮಾಧ್ಯಮದ ಶಾಲೆಯಲ್ಲಿ ಅದು ಉರ್ದುವೇ ಆಗಬೇಕು. ಮಿಶ್ರ ತರಗತಿಗಳಲ್ಲಿ ನಕಾಶೆಯಲ್ಲಿ ದಾರಿ ಗುರುತಿಸುವುದು, ಘಟನೆಗಳನ್ನು ಕ್ರಮವಾಗಿ ಜೋಡಿಸುವುದು, ಸರಿ ತಪ್ಪು ಹೇಳುವುದು ಮುಂತಾದ, ಬರವಣಿಗೆಯನ್ನೇ ಬೇಡದ ಉತ್ತರಗಳೂ ಇವೆ.

ಮೂರನೆಯದು: ಮಕ್ಕಳ ಕನ್ನಡದ ಓದೇ ದುರ್ಬಲವಾಗಿರುವಾಗ ಅದನ್ನು ಆಧರಿಸುವುದು ಹೇಗೆ? ಪರಭಾಷೆಯ ಓದಿನ ತೊಡಕು ಓದಿನದೋ ಭಾಷೆಯದೋ ಎಂದು ಆಲ್ಡರ್‌ಸನ್ 1984ರಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಒಂದು ಭಾಷೆಯಲ್ಲಿ ಬಲಿತ ಓದಿನ ಸಾಮರ್ಥ್ಯವು ಇನ್ನೊಂದಕ್ಕೂ ಒದಗಬಲ್ಲದು ಎಂಬ ಜಿಮ್ ಕಮಿನ್ಸ್ ಅವರ 1979ರ ಪ್ರತಿಪಾದನೆಯೂ ಮೊದಲ ಭಾಷೆಯಲ್ಲಿ ಅದು ಬಲಿತಿದೆಯೆಂಬ ಷರತ್ತಿಗೆ ಒಳಪಟ್ಟಿದೆ. ಸಮಾನಾರ್ಥದ ಕನ್ನಡ ಗದ್ಯಭಾಗದ ಮೇಲೆ ಅದೇ ಪ್ರಶ್ನೆಗಳನ್ನು ಕೇಳಿದರೆ ತೊಡಕು ಎಲ್ಲಿಯದೆಂದು ಶಿಕ್ಷಕರಿಗೆ ತಿಳಿಯುತ್ತದೆ. ಕನ್ನಡದಲ್ಲಿಯೂ ಎಡವುವ ಮಗುವಿಗೆ ಬೇಕಾದುದು ಇನ್ನಷ್ಟು ಇಂಗ್ಲಿಷ್ ಗದ್ಯಭಾಗಗಳಲ್ಲ.

ಇಲ್ಲಿ ಕನ್ನಡ ತರಗತಿಯ ಹೊಣೆಯೂ ಬರುತ್ತದೆ. ಕನ್ನಡದ ರಚನೆಯನ್ನು ಕನ್ನಡದ ನೆಲೆಯಿಂದಲೇ ವಿವರಿಸಬೇಕೆಂದು ಡಿ. ಎನ್. ಶಂಕರ ಭಟ್ಟರು ದೀರ್ಘಕಾಲ ವಾದಿಸಿದರು. ಸಂಧಿ ಸಮಾಸಗಳನ್ನು ಬಿಡಿಸಲು ಕಲಿತ ವಿದ್ಯಾರ್ಥಿಗೆ ‘ಮಾರಿದ ರೈತ’, ‘ಮಾರಿದ ಎತ್ತು’ ಎಂಬಲ್ಲಿ ಒಂದೇ ‘ಮಾರಿದ’ ಎರಡು ಬೇರೆ ಸಂಬಂಧಗಳನ್ನು ಹೇಳುತ್ತಿದೆಯೆಂದು ತೋರಿಸಿಕೊಟ್ಟವರು ವಿರಳ. ತನ್ನ ಭಾಷೆಯ ವಾಕ್ಯವನ್ನು ಬಿಚ್ಚಿ ನೋಡದವನು ಪರಭಾಷೆಯ ವಾಕ್ಯವನ್ನು ಬಿಚ್ಚುವುದು ಕಷ್ಟ.

6. ಉಪಸಂಹಾರ

ಎಸ್ಸೆಸ್ಸೆಲ್ಸಿಯ ಗದ್ಯಭಾಗಕ್ಕೆ ಮೀಸಲಾದ ಅಂಕಗಳು ಕೆಲವೇ. ಅಷ್ಟಕ್ಕಾಗಿ ಇಷ್ಟು ವಿಚಾರ ಬೇಕೇ ಎಂದು ಕೇಳಬಹುದು. ಕನ್ನಡ ಮಾಧ್ಯಮದಿಂದ ಬಂದು ಪದವಿಪೂರ್ವ ವಿಜ್ಞಾನ ತರಗತಿಗೆ ಸೇರುವ ವಿದ್ಯಾರ್ಥಿ ಕೆಲವೇ ವಾರಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಆ ಪುಸ್ತಕಗಳಲ್ಲಿ ಷರತ್ತುಗಳು ‘ಅನ್‌ಲೆಸ್’ನಲ್ಲಿವೆ, ವ್ಯಾಖ್ಯೆಗಳು ಸಂಬಂಧಸೂಚಕ ಉಪವಾಕ್ಯಗಳಲ್ಲಿವೆ. ಅಲ್ಲಿ ಉತ್ತರವನ್ನು ಎತ್ತಿ ಬರೆದರೆ ಸಾಲದು. ಗದ್ಯಭಾಗದಲ್ಲಿ ಪೂರ್ಣಾಂಕ ಪಡೆದ ವಿದ್ಯಾರ್ಥಿ ಆ ಪುಸ್ತಕದ ಮುಂದೆ ತಡವರಿಸಿದಾಗ, ತಾನು ದಡ್ಡನೆಂದು ತಿಳಿಯುತ್ತಾನೆ. ವಿಜ್ಞಾನ ತನಗೆ ಒಗ್ಗದೆಂದು ನಂಬುತ್ತಾನೆ. ಓದುವುದನ್ನು ತನಗೆ ಕಲಿಸಿರಲಿಲ್ಲ ಎಂಬ ಸಂಗತಿಯನ್ನು ಅವನ ಅಂಕಪಟ್ಟಿ ಅವನಿಂದ ಮುಚ್ಚಿಟ್ಟಿರುತ್ತದೆ. ವಾರಕ್ಕೆ ಒಂದು ಗದ್ಯಭಾಗ, ಅದಕ್ಕೆ ಹುಡುಕಿ ಬರೆಯಲಾಗದ ಎರಡು ಪ್ರಶ್ನೆಗಳು, ಅವುಗಳಿಗೆ ಕನ್ನಡದಲ್ಲಿ ಉತ್ತರ, ಬಳಿಕ ಉತ್ತರ ತಪ್ಪಿದ ವಾಕ್ಯವನ್ನು ಎರಡೂ ಭಾಷೆಗಳಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸಿ ನೋಡುವುದು: ಇಷ್ಟನ್ನು ಎಂಟನೆಯ ತರಗತಿಯಿಂದಲೇ ಆರಂಭಿಸಲು ಹೊಸ ಪಠ್ಯಪುಸ್ತಕವೂ ಬೇಡ, ಸರಕಾರದ ಆದೇಶವೂ ಬೇಡ.